ಅಕ್ಕ ಬಿಟ್ಟುಹೋದ ಕೆಲಸ

ವಾಕ್ಕಿಗೆ ಒಡತಿಯಾದ ತಾಯಿಗೆ ನಮಿಸಿ, ಮರೆಯಲ್ಲೇ ಉಳಿದ ಒಂದು ದನಿಯ ಕಥೆಯನ್ನು ಆರಂಭಿಸೋಣ.

ಬೀದಿಯಲ್ಲಿ ವಾಹನಗಳು ಏಳುವ ಮೊದಲೇ ಆಕೆ ಕಿಟಕಿಗೆ ಕಂಬಳಿ ಇಳಿಬಿಟ್ಟು ಮೈಕಿನ ಮುಂದೆ ಕೂರುತ್ತಾಳೆ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವುದು ಆಕೆಯ ಕಾಯಕ. ಎಲ್ಲಿಯೂ ಹೆಸರಿಲ್ಲ, ಕೇಳುಗರಿಗೆ ಆಕೆ ಬರಿಯ ‘ದನಿಯಮ್ಮ’. ಓದಿದ್ದೆಲ್ಲ ಕಪಾಟಿನೊಳಗಿನ ಪುಟ್ಟ ಸರ್ವರ್ ಯಂತ್ರಕ್ಕೆ ಸೇರುತ್ತದೆ.

ಈ ಕಾಯಕವನ್ನು ಕಲಿಸಿದವಳು ಅಕ್ಕ. ಕಾದಂಬರಿಯೊಂದನ್ನು ಅರ್ಧ ಓದಿ ಆಕೆ ತೀರಿಕೊಂಡಳು. ಪುಸ್ತಕಕ್ಕೆಲ್ಲ ಒಂದೇ ದನಿ ಇರಲೆಂದು ತಂಗಿ ಮೊದಲಿನಿಂದ ಓದತೊಡಗಿದಳು. ಅಕ್ಕನ ಮೇಲಿನ ಗೌರವಕ್ಕೆ ಅಕ್ಕ ಇಟ್ಟ ಕಡತದ ಹೆಸರುಗಳನ್ನೇ ಉಳಿಸಿಕೊಂಡಳು. ಆದರೆ ಓದು ನಿಲ್ಲಿಸಿ ಉಸಿರು ಹಿಡಿದರೂ ಕಪಾಟಿನೊಳಗೆ ಡಿಸ್ಕ್ ಕರಕರನೆ ಬರೆಯುತ್ತಲೇ ಇತ್ತು. ಒಂದು ಮುಂಜಾನೆ ಹಿಂದಿನ ದಿನದ ಓದನ್ನು ಹಾಕಿದರೆ ಕೇಳಿಸಿದ್ದು ಅಕ್ಕನ ದನಿ.

“ನಾನು ಓದಿದ ಅಧ್ಯಾಯ, ಅವಳು ಓದ್ತಿದ್ದಾಳೆ. ನಡುವೆ ಅವಳದೇ ಕೆಮ್ಮು,” ಎನ್ನುತ್ತಾಳೆ ತಂಗಿ.

ಮತ್ತೆ ಓದಿದಳು, ಮರುದಿನ ಮತ್ತೆ ಅಕ್ಕ. ಮಹಡಿಯಲ್ಲಿರುವ ಭಾವ, ಅಕ್ಕನ ಗಂಡ, ನಗಿಸಲು ನೋಡಿದರು: “ನಿಮ್ಮಕ್ಕ ಬದುಕಿದ್ದಾಗ ಯಾರಿಗೆ ಬಾಯಿ ತೆಗೆಯೋಕೆ ಬಿಟ್ಟಿದ್ಲಮ್ಮ?” ಆದರೆ ಅವರೂ ಕಪಾಟಿಗೆ ಬೆನ್ನು ಮಾಡಿ ಕೂರಲಿಲ್ಲ.

ರಿಪೇರಿಯವನು ಬಂದು, ಡಿಸ್ಕ್ ಸವೆದಿದೆ, ಹೀಗೇ ಬರೆದರೆ ಒಳಗಿನ ಪುಸ್ತಕಗಳೆಲ್ಲ ಹೋದವೆಂದೇ ಲೆಕ್ಕ ಎಂದ. ಬಳಿಕ ದನಿ ತಗ್ಗಿಸಿದ. “ಇಷ್ಟೊಂದು ಬರೀತಿರೋದು ನೀವಲ್ಲ ಮೇಡಂ. ಬೇರೆ ಯಾರೋ ಕಳಿಸ್ತಿದ್ದಾರೆ, ಇದೇ ಮನೆಯಿಂದ.”

ಮಹಡಿಯಲ್ಲಿ, ಭಾವನ ಹಾಸಿಗೆಯ ಪಕ್ಕ, ಬಟ್ಟೆ ಹೊದಿಸಿದ ಅಕ್ಕನ ಲ್ಯಾಪ್‌ಟಾಪ್ ಬೆಚ್ಚಗಿತ್ತು. ಪ್ರತಿ ಕಡತದ ದನಿಯ ಏರಿಳಿತವನ್ನೂ ಸಮಮಾಡಿ ಮತ್ತೆ ಉಳಿಸು ಎಂದು ಅಕ್ಕ ಅದಕ್ಕೆ ಕೆಲಸ ಹೇಳಿದ್ದಳು. ನಿಲ್ಲಿಸೆಂದು ಹೇಳುವವರು ಉಳಿದಿರಲಿಲ್ಲ. ತನ್ನಲ್ಲಿದ್ದ ಅಕ್ಕನ ಓದನ್ನು ಅದು ಮೊದಲಿನಿಂದ ಕೊನೆಯವರೆಗೆ, ಮತ್ತೆ ಮೊದಲಿನಿಂದ, ಉಳಿಸುತ್ತಲೇ ಇತ್ತು. ಎರಡು ಯಂತ್ರಗಳ ಕಡತಗಳನ್ನು ಸರಿಹೊಂದಿಸುವ ಸಿಂಕ್ ತಂತ್ರಾಂಶ, ಪ್ರತಿಸಲವೂ ಅದನ್ನೇ ಹೊಸದೆಂದು ನಂಬಿ ಅದೇ ಹೆಸರಿನ ತಂಗಿಯ ಓದಿನ ಮೇಲೆ ಬರೆಯುತ್ತಿತ್ತು.

ಭಾವ ಅದರ ಮೇಲೆ ಕೈಯಿಟ್ಟರು. “ಇದರ ಫ್ಯಾನಿನ ಸದ್ದಿಗೇ ನಂಗೆ ನಿದ್ದೆ ಬರೋದು. ಆರಿಸಲೇಬೇಕಾ?”

“ಆರಿಸಿ ಭಾವ. ಅವಳ ಓದನ್ನ ನಾನು ಅಳಿಸಲ್ಲ.”

ಈಗ ಅರ್ಧ ಪುಸ್ತಕ ಅಕ್ಕನದು, ಇನ್ನರ್ಧ ತಂಗಿಯದು. ಹೊಸ ಡಿಸ್ಕಿನಲ್ಲಿ ಎರಡೂ ಕ್ಷೇಮ. “ನಡುವೆ ದನಿ ಬದಲಾಯ್ತು ಅಂತ ಬೈದ್ರೆ ಬೈಲಿ. ಅವಳು ಬಿಟ್ಟ ಸಾಲಿಂದಲೇ ನಾನು ಹಿಡ್ಕೊಂಡೆ, ಅಷ್ಟು ಗೊತ್ತಾದ್ರೆ ಸಾಕು,” ಎನ್ನುತ್ತಾಳೆ.

ಓದು ನಿಂತಾಗ ಕಪಾಟಿನೊಳಗೆ ಇಂದಿಗೂ ಒಮ್ಮೊಮ್ಮೆ ಕರಕರ ಕೇಳುತ್ತದೆ. ಆಕೆ ತಿರುಗಿ ನೋಡುವುದಿಲ್ಲ. ಅದು ಮುಗಿಯುವವರೆಗೆ ಕಾದು, ಮುಂದಿನ ಸಾಲಿಗೆ ಹೋಗುತ್ತಾಳೆ.

ಇದನ್ನು ಕೇಳಿದವರೆಲ್ಲರ ಮನೆಯಲ್ಲಿ ಪ್ರಿಯರ ದನಿ ಅಳಿಯದಿರಲಿ. ಅಗಲಿದವರಿಗೆ ವಿಶ್ರಾಂತಿಯೂ ಉಳಿದವರಿಗೆ ನಿದ್ದೆಯೂ ದೊರೆಯಲಿ.