ಖಾಲಿ ತೋಳಿನ ಬಿಪಿ

ಮೆಹಕರದ ಸಿದ್ದೇಶ್ವರಿ ಸಿಸ್ಟರ್ ಮದುವೆ ಊಟದಲ್ಲೂ ಜನರ ಮುಖ ನೋಡುವುದಿಲ್ಲ, ಕುತ್ತಿಗೆಯ ನರ ನೋಡುತ್ತಾರೆ. ಅವರ ಕಣ್ಣು ಬಿದ್ದವರು ತಟ್ಟೆಯ ಉಪ್ಪಿನಕಾಯಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾರೆ. ಬಿಪಿ ತಪಾಸಣೆಗೆ ಕರೆದಾಗ "ನಾ ಆರಾಮ ಅದೀನ್ರಿ" ಎಂದು ತಪ್ಪಿಸಿಕೊಂಡವರ ಹೊಲಕ್ಕೇ ಮಷೀನು ಹೊತ್ತು ಹೋಗಿ, "ಆರಾಮ ಇದ್ದವ್ರದೇ ನೋಡ್ಬೇಕ್ರಿ" ಎನ್ನುತ್ತ ತೋಳಿಗೆ ಪಟ್ಟಿ ಸುತ್ತುತ್ತಾರೆ. ಗಂಡ ಪಂಢರಿಯೂ "ನಾ ಆರಾಮ ಅದೀನಿ" ಎಂದೇ ಬಿಪಿ ಗುಳಿಗೆ ಬಿಟ್ಟವರು, ಕುರಿಹಟ್ಟಿಯಲ್ಲಿ ನಿಂತಲ್ಲೇ ಬಿದ್ದು ತೀರಿಕೊಂಡಿದ್ದರು. ಅಂದಿನಿಂದ ಪ್ರತಿ ಶಿಬಿರದಲ್ಲೂ ಮೊದಲ ಪಟ್ಟಿ, ಕುರ್ಚಿಗೆ ಹಾಕಿದ ಗಂಡನ ಅಂಗಿಯ ಖಾಲಿ ತೋಳಿಗೆ. ಸಾಲಿನಲ್ಲಿ ನಿಂತವರು ಕತ್ತು ಚಾಚಿ ಅಂಕಿ ನೋಡುತ್ತಾರೆ. ಹೋದ ವರ್ಷ ನೂರಾ ತೊಂಬತ್ತು ತೋರಿಸುತ್ತಿದ್ದ ಮಷೀನು ಈಗ ನೂರಾ ಮೂವತ್ತಕ್ಕೆ ನಿಲ್ಲುತ್ತಿದೆ. ಅಂಗಿಯ ಕಿಸೆಯಲ್ಲಿಟ್ಟ ಗುಳಿಗೆಗಳು ದಿನಕ್ಕೊಂದರಂತೆ ಕಮ್ಮಿಯಾಗುತ್ತಿವೆ. "ಈಗ ನನ್ನ ಮಾತ ಕೇಳ್ತೀರಿ," ಎಂದು ಸಿಸ್ಟರ್ ಅಂಗಿಯ ಗುಂಡಿ ಹಾಕುತ್ತಾರೆ.