ಚರ್ಚಿನ ಮೆಟ್ಟಿಲವರೆಗೆ

ಅಮ್ಮನ ಶವಪೆಟ್ಟಿಗೆಯ ಮುಂದಿನ ಹಿಡಿಯನ್ನು ಅಪ್ಪ ಚರ್ಚಿನ ಮೂರನೇ ಮೆಟ್ಟಿಲವರೆಗೆ ಹಿಡಿದಿದ್ದರು. ಅಲ್ಲಿ ಅದನ್ನು ನಜರ್‌ಬಾದಿನ ನಮ್ಮ ಪಕ್ಕದ ಮನೆಯವರ ಕೈಗೆ ಕೊಟ್ಟು ಕೆಳಗಿಳಿದರು. ಪೂಜೆ ಮುಗಿಯುವವರೆಗೂ ಗೇಟಿನ ಹೊರಗೆ ಜಪಸರ ಹಿಡಿದು ನಿಂತಿದ್ದರು. ಮೂರನೇ ಮೆಟ್ಟಿಲು ಎಂಬುದು ನನ್ನ ನೆನಪು. ಆ ದಿನದ ಡೈರಿಯಲ್ಲಿರುವುದು ‘ಅಪ್ಪ ಒಳಗೆ ಬರಲಿಲ್ಲ’ ಎಂಬ ಒಂದೇ ಸಾಲು. ಚಿಕ್ಕಮ್ಮನನ್ನು ಕೇಳಿದರೆ, ಗೇಟಿನಲ್ಲೇ ಕೊಟ್ಟುಬಿಟ್ಟರು ಅನ್ನುತ್ತಾರೆ. ಸಿಟ್ಟಿನಲ್ಲಿ ನಾನೇ ನೆನಪಿನೊಳಗೆ ಅಪ್ಪನನ್ನು ಮೂರು ಮೆಟ್ಟಿಲು ಹತ್ತಿಸಿರಬಹುದು.

ಕಾರಣ ಇಷ್ಟೇ: ಪೂಜೆ ಕನ್ನಡದಲ್ಲಿತ್ತು, ಫಾದರ್ ಜನರ ಕಡೆ ಮುಖ ಮಾಡಿದ್ದರು. ಈ ಬದಲಾವಣೆಯನ್ನು ಒಪ್ಪದೆ ರೋಮಿನ ಪೋಪರಿಂದ ದೂರ ಸರಿದ ಅಪ್ಪನ ಗುಂಪಿಗೆ ಹಳೆಯ ಲ್ಯಾಟಿನ್ ಪೂಜೆಯೊಂದೇ ನಿಜವಾದ ಪೂಜೆ. ಯಾದವಗಿರಿಯ ಒಂದು ಬಂಗಲೆಯ ಹಾಲ್‌ನಲ್ಲಿ ತಿಂಗಳಿಗೊಮ್ಮೆ ಸೇರುತ್ತಾರೆ. ರೈಲಿನಲ್ಲಿ ಬರುವ ಅವರದೇ ಫಾದರ್ ಜನರಿಗೆ ಬೆನ್ನು ಮಾಡಿ ಪೂಜೆ ಅರ್ಪಿಸುತ್ತಾರೆ. ನಾನೂ ಒಮ್ಮೆ ಹೋಗಿದ್ದೆ. ಅಲ್ಲಿನ ಮೌನ ನನಗೆ ಹಿಡಿಸಿತ್ತು. ಅದನ್ನು ಒಪ್ಪಿಕೊಳ್ಳಲು ಈಗ ಮನಸ್ಸಿಲ್ಲ.

ಕಳೆದ ತಿಂಗಳು ಅಪ್ಪ ಕಾಫಿ ಕುಡಿಯುತ್ತಾ ಖುಷಿಯಿಂದ ಹೇಳಿದರು: “ರೋಮ್‌ನೋರು ನಮ್ಮೋರ ಜೊತೆ ಮತ್ತೆ ಮಾತಾಡ್ತಾವ್ರಂತೆ ಕಣಮ್ಮ. ಒಂದ್ಸಲ ರಾಜಿ ಆಗ್ಬುಟ್ರೆ ಅದೇ ಚರ್ಚಲ್ಲಿ ನಿಮ್ಮಮ್ಮಂಗೆ ಲ್ಯಾಟಿನ್ ಪೂಜೆ ಇಡ್ಸೋಣ.”

“ಅಮ್ಮಂಗೆ ಲ್ಯಾಟಿನ್ ಎಲ್ಲಿ ಬರ್ತಿತ್ತು? ಚರ್ಚ್ ಕ್ವಾಯರಲ್ಲಿ ಹಾಡಿದ್ದೆಲ್ಲ ಕನ್ನಡ.”

“ದೇವ್ರಿಗೆ ಬರುತ್ತಲ್ಲ.”

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. “ಆವತ್ತು ಯಾಕೆ ಬಿಟ್ಟೋದ್ರಿ ಅಪ್ಪ?”

“ಒಳಗ್ ಬಂದಿದ್ರೆ ಪಾಪ.”

“ಈಗ ರೋಮಲ್ಲೊಂದು ಸಹಿ ಬಿದ್ರೆ ಪಾಪ ಹೋಗ್ಬಿಡುತ್ತಾ? ಹಂಗಾದ್ರೆ ಅಮ್ಮನ್ನ ಬಿಟ್ಟಿದ್ದು ಯಾತಕ್ಕೆ?”

ಅಪ್ಪ ಲೋಟದ ತಳ ನೋಡಿದರು. “ನಾವೇನು ಬದಲಾಗ್ತಿಲ್ಲ ಕಣಮ್ಮ. ಅವ್ರು ನಮ್ಮನ್ನ ಒಪ್ಕೋತಾರೆ, ಅಷ್ಟೇ.”

ಮೈ ಉರಿಯಿತು. ರೋಮ್ ಒಪ್ಪಲಿ ಎಂದು ವರ್ಷಗಟ್ಟಲೆ ಕಾಯಬಲ್ಲ ಮನುಷ್ಯ, ಆ ದಿನದ ಬಗ್ಗೆ ನನ್ನ ಹತ್ತಿರ ತಾನಾಗಿ ಒಂದು ಮಾತೂ ಆಡಿರಲಿಲ್ಲ.

“ಭಾನುವಾರ ಅಮ್ಮನ ವರ್ಷದ ಪೂಜೆ. ಕನ್ನಡದಲ್ಲೇ,” ಎಂದೆ. “ರಾಜಿ ಆಗೋಕ್ ಮುಂಚೆ ಬನ್ನಿ. ಪರಮಪ್ರಸಾದ ತಗೋಬೇಡಿ, ಬಾಯೂ ಬಿಡಬೇಡಿ. ನನ್ನ ಪಕ್ಕ ಸುಮ್ನೆ ಕೂತ್ಕೊಳ್ಳಿ, ಸಾಕು.”

“ಆಗ್ಲಿ ತಡಿಯಮ್ಮ, ಸಹಿ ಬೀಳ್ಲಿ.”

ಭಾನುವಾರ ಅವರು ಗೇಟಿನವರೆಗೆ ಬಂದರು. ಕೈಯಲ್ಲಿ ಅದೇ ಜಪಸರ. ನಾನು ಮೆಟ್ಟಿಲು ಎಣಿಸುತ್ತಾ ಹತ್ತಿದೆ, ಐದಿವೆ. ಬಾಗಿಲಲ್ಲಿ ನಿಂತು ತಿರುಗಿ ನೋಡಿದೆ. ಅವರು ಒಂದನ್ನೂ ಹತ್ತಲಿಲ್ಲ. ಅಪ್ಪನಿಗೆಂದು ಪಕ್ಕದ ಜಾಗದಲ್ಲಿ ಬ್ಯಾಗು ಇಟ್ಟಿದ್ದೆ, ಪೂಜೆಯ ನಡುವೆ ಕಾಣಿಕೆಯ ಹಾಡು ಶುರುವಾದಾಗ ತೆಗೆದು ಬೇರೆಯವರಿಗೆ ಬಿಟ್ಟುಕೊಟ್ಟೆ.

ಈ ಸಲ ಮನೆಗೆ ಬಂದ ಕೂಡಲೇ ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ನಾಳೆ ರಾಜಿಯಾಗಿ, ‘ನಾನೂ ಆವತ್ತು ಒಳಗಿದ್ದೆ’ ಎಂದು ಅಪ್ಪ ಹೇಳತೊಡಗಿದರೆ, ಇದನ್ನು ಓದಿ ಹೇಳುತ್ತೇನೆ.