ಲಿಫ್ಟಿನ ಸ್ಟೂಲು

ನಮ್ಮ ಮಾವನವರಿಗೆ ಅನುಮಾನವೆನ್ನುವುದು ರಕ್ತದಲ್ಲೇ ಬಂದಿತ್ತು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನ್ನುವರು, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ ಎನ್ನುವರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನನ್ನ ಕಾಫಿಯನ್ನೂ ಮೂಸಿಯೇ ಕುಡಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಐದಂತಸ್ತಿನ ಒಂದು ಆಫೀಸಿನಲ್ಲಿ ಅವರು ಲಿಫ್ಟ್ ನಡೆಸುತ್ತಿದ್ದರು. ಜಾಲರಿ ಬಾಗಿಲಿನ ಹಳೇ ಲಿಫ್ಟು, ಒಳಗೊಂದು ಮರದ ಸ್ಟೂಲು, ಅದರ ಮೇಲೆ ಮಾವ. ಅಲ್ಲಿ ಕೂತೇ ಮಕ್ಕಳನ್ನೆಲ್ಲ ದಡ ಸೇರಿಸಿದ್ದರು.

ಐದನೇ ಮಹಡಿಗೆ ಟೈಪಿಸ್ಟಾಗಿ ಒಬ್ಬಾಕೆ ಬಂದ ಮೇಲೆ ಅವರ ನಿದ್ದೆ ಹಾರಿಹೋಯಿತು. ವ್ಯಾಯಾಮವೆಂದರೆ ಪೈಲ್ವಾನರ ಉಸಾಬರಿ ಎಂದು ಜನ ತಿಳಿದಿದ್ದ ಕಾಲವದು. ಆಕೆ ಲಿಫ್ಟಿನತ್ತ ತಿರುಗಿಯೂ ನೋಡದೆ ಕೈಚೀಲ ಹೆಗಲಿಗೇರಿಸಿ ಮೆಟ್ಟಿಲು ಹತ್ತಿಹೋದರು. ಮಧ್ಯಾಹ್ನದ ಬಿಡುವಿನಲ್ಲಿ ಗುಮಾಸ್ತರನ್ನು ತಾರಸಿಗೆ ಕರೆದೊಯ್ದು ಕೈಕಾಲು ಆಡಿಸಿದರು. ಕರಿದ ತಿಂಡಿ ಇರುತ್ತಿದ್ದ ಡಬ್ಬಿಗಳಲ್ಲಿ ಹಣ್ಣು ಕಾಣಿಸಿಕೊಂಡಿತು. ಮೊದಮೊದಲು ಮುಸಿಮುಸಿ ನಕ್ಕವರೇ ಆಮೇಲೆ ಮೆಟ್ಟಿಲು ಹಿಡಿದರು. ಆಕೆಗೆ ಮೆಟ್ಟಿಲಮ್ಮ ಎಂಬ ಹೆಸರು ಬಿತ್ತು. ಲಿಫ್ಟು ಖಾಲಿ ಹೊಡೆಯತೊಡಗಿತು.

“ಅವಳನ್ನ ಆಫೀಸಿನ ಸಾಹುಕಾರನೇ ಛೂ ಬಿಟ್ಟಿದ್ದಾನೆ,” ಎಂದರು ಮಾವ. “ಲಿಫ್ಟ್ ಮುಚ್ಚಿ ನನ್ನನ್ನ ಮನೆಗೆ ಕಳಿಸೋ ಹುನ್ನಾರ ಇದು. ಅವಳೇನು ನಿಜವಾಗ್ಲೂ ಹತ್ತುತಾಳೆ ಅಂದ್ಕೊಂಡ್ಯಾ? ಹಿಂದುಗಡೆ ಸಾಮಾನಿನ ಲಿಫ್ಟ್ ಇದೆಯಲ್ಲ, ಅದರಲ್ಲಿ ಹೋಗ್ತಾಳೆ.”

ಒಂದು ಬೆಳಿಗ್ಗೆ ನನ್ನ ಪೌಡರ್ ಡಬ್ಬಿ ಮಾಯವಾಯಿತು. ಮೆಟ್ಟಿಲಮ್ಮ ಎಲ್ಲರಿಗಿಂತ ಮೊದಲು ಬರುತ್ತಾರೆಂದು ಗೊತ್ತಿದ್ದ ಮಾವ, ಮೂರನೇ ಮಹಡಿಯಿಂದಾಚೆಗಿನ ಮೆಟ್ಟಿಲಿಗೆಲ್ಲ ತೆಳ್ಳಗೆ ಪೌಡರ್ ಎರಚಿಟ್ಟಿದ್ದರು. ಆಕೆ ಹತ್ತಿದ ಮೇಲೆ ಹೋಗಿ ನೋಡಿದರೆ ಹೆಜ್ಜೆಗಳು ಐದನೇ ಮಹಡಿಯವರೆಗೂ ಇದ್ದವು. ಆದರೆ ನಡುವೆ ಒಂದು ಕಡೆ ಪೌಡರ್ ಅಗಲಕ್ಕೆ ಒರೆಸಿಹೋಗಿತ್ತು. ಯಾರೋ ಕೂತ ಗುರುತು.

ಮಾರನೆಯ ದಿನ ಮಾವ ಸದ್ದಿಲ್ಲದೆ ಹಿಂಬಾಲಿಸಿದರು. ನಾಲ್ಕನೇ ಮಹಡಿಯ ತಿರುವಿನಲ್ಲಿ ಮೆಟ್ಟಿಲಮ್ಮ ಎದೆ ಹಿಡಿದು ಕೂತಿದ್ದರು.

“ಸಿಕ್ಕಿಬಿದ್ರಲ್ಲ,” ಎಂದರು ಮಾವ, ತಾವೇ ಏದುಸಿರು ಬಿಡುತ್ತ.

“ಬಿದ್ದೆ,” ಎಂದರು ಆಕೆ. “ನನ್ನ ಹೃದಯ ಚಿಕ್ಕಂದಿನಿಂದ ಅಷ್ಟಕ್ಕಷ್ಟೇ. ಕೂತು ಕೂತು ಹತ್ತಬೇಕು. ನೀವೂ ಕೂತ್ಕೊಳ್ಳಿ, ಬೆವರ್ತಾ ಇದ್ದೀರಿ. ನಿನ್ನೆ ಪೌಡರ್ ಹಾಕಿದ್ದು ನೀವೇನಾ? ವಾಸನೆ ಚೆನ್ನಾಗಿತ್ತು.”

ಮಾವ ಕೂತರು. “ಲಿಫ್ಟ್ ಮುಚ್ಚಿದ್ರೆ ನಾನೆಲ್ಲಿ ಹೋಗ್ಲಿ?” ಎಂದು ಕೇಳಿಯೇಬಿಟ್ಟರು. ಆಕೆ ಕೈಚೀಲ ಹೆಗಲಿಗೇರಿಸಿ ಎದ್ದರು.

ಹೆದರಿದ್ದೇ ಆಯಿತು. ಒಂದು ದಿನ ಸಾಹುಕಾರ ಬಂದು ಖಾಲಿ ಲಿಫ್ಟಿನ ಮುಂದೆ ನಿಂತ. “ಎಲ್ಲಾ ಮೆಟ್ಟಿಲು ಹತ್ತುತ್ತಾರಂತೆ. ಇನ್ನು ಇದ್ಯಾಕೆ?” ಗುಮಾಸ್ತರು ನೆಲ ನೋಡಿದರು. ಮೆಟ್ಟಿಲಮ್ಮ ಎಲ್ಲರೆದುರು ಲಿಫ್ಟಿನೊಳಗೆ ಬಂದು ಸ್ಟೂಲಿನ ಮೇಲೆ ಕೂತರು.

“ನನಗೆ ಬೇಕು ಸಾರ್. ನನ್ನ ಎದೆ ಸರಿಯಿಲ್ಲ. ನನ್ನಂಥೋರು ಇನ್ನೂ ಇದ್ದಾರೆ, ಹೇಳ್ಕೊಳ್ಳೋಕೆ ನಾಚಿಕೆ ಅವರಿಗೆ.”

ಲಿಫ್ಟು ಉಳಿಯಿತು. ಆಕೆಯ ಮರ್ಯಾದೆ ಉಳಿಯಲಿಲ್ಲ. ಆಡಿದ ಮಾತಿಗೆ ಕಟ್ಟುಬಿದ್ದು ದಿನವೂ ಲಿಫ್ಟ್ ಹತ್ತಬೇಕಾಯಿತು. ನಾಟಕದವಳು ಎಂದು ಅರ್ಧ ಜನ ತಾರಸಿಗೆ ಬರುವುದನ್ನೇ ಬಿಟ್ಟರು. ಆ ಜನರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮಾವ ಮಾತ್ರ ನಾಲ್ಕನೇ ಮಹಡಿಯಲ್ಲೇ ಬಾಗಿಲು ತೆರೆದು, “ಇಲ್ಲಿಂದ ನಡೀರಿ, ಮೇಲಿನೋರು ನೋಡ್ಲಿ,” ಎನ್ನುವರು. ಆಕೆಯ ಹಿಂದೆಯೇ ತಾವೂ ಹತ್ತುವರು. ಕೇಳಿದರೆ, “ಹತ್ತುತಾಳೋ ಇಲ್ವೋ ನೋಡಬೇಡ್ವಾ?” ಎನ್ನುವರು.

ಆಕೆ ತೀರಿಕೊಂಡು ಎಷ್ಟೋ ಕಾಲವಾಯಿತು. ಕೆಲಸ ಬಿಟ್ಟ ದಿನ ಮಾವ ಸ್ಟೂಲನ್ನು ಹೊತ್ತು ತಂದು ನಮ್ಮ ಕಟ್ಟಡದ ಮೆಟ್ಟಿಲ ತಿರುವಿನಲ್ಲಿಟ್ಟರು. ದಿನಾ ಇಳಿದು ಹತ್ತುತ್ತಾರೆ. ಅಲ್ಲಿ ಕೂತು ಹೋಗಿಬರುವವರನ್ನೆಲ್ಲ ಕಳ್ಳರೆಂಬಂತೆ ದಿಟ್ಟಿಸುತ್ತಾರೆ. ಯಾರಾದರೂ ಏದುಸಿರು ಬಿಟ್ಟರೆ ಎದ್ದು ಸ್ಟೂಲು ಬಿಟ್ಟುಕೊಡುತ್ತಾರೆ.

ಮೊನ್ನೆ ನಾನೇ ಕೂತೆ. “ಮಾವ, ಆಕೆ ನಿಮಗೋಸ್ಕರ ಯಾಕೆ ಅಷ್ಟೆಲ್ಲ ಮಾಡಿದ್ರೋ,” ಎಂದೆ.

ಮಾವ ಗೋಡೆಗೆ ಒರಗಿ ನಿಂತರು. “ಅದೇ ಅನುಮಾನ ನನಗೂ,” ಎಂದರು. “ನಾನು ಏನಾಗಬೇಕಿತ್ತಮ್ಮ ಅವರಿಗೆ?”